ಮೆಮರಿ ಕಾರ್ಡೂ ಸವೆಯುತ್ತದೆ

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಸ್ಲಾ ಕಂಪನಿ ಸುಮಾರು 1,35,000 ಕಾರುಗಳನ್ನು ರಿಪೇರಿಗೆಂದು ವಾಪಸು ಕರೆಸಿಕೊಳ್ಳಲು ಒಪ್ಪಬೇಕಾಯಿತು. ದೋಷವಿದ್ದದ್ದು ಮೋಟಾರಿನಲ್ಲಲ್ಲ, ಬ್ಯಾಟರಿಯಲ್ಲೂ ಅಲ್ಲ. ಕಾರಿನ ನಡುವಿನ ದೊಡ್ಡ ಪರದೆಯನ್ನು ನಡೆಸುವ ಕಂಪ್ಯೂಟರಿನೊಳಗೆ 8 ಜಿಬಿಯ ಒಂದು ಫ್ಲ್ಯಾಶ್ ಮೆಮರಿ ಚಿಪ್ಪಿತ್ತು. ಕಾರಿನ ತಂತ್ರಾಂಶ ಅದರ ಮೇಲೆ ಬಗೆಬಗೆಯ ದಾಖಲೆಗಳನ್ನು ಬರೆಯುತ್ತಲೇ ಇತ್ತು. ಬರೆದು ಅಳಿಸಿ, ಅಳಿಸಿ ಬರೆದು, ಐದಾರು ವರ್ಷಗಳಲ್ಲಿ ಚಿಪ್ಪು ಸವೆದುಹೋಯಿತು. ಪರದೆ ಕಪ್ಪಾದ ಮೇಲೆ ಹಿಂಬದಿಯ ಕ್ಯಾಮೆರಾ ಕಾಣದು, ಗಾಜಿನ ಮಂಜು ತೆಗೆಯುವ ಗುಂಡಿಯೂ ಸಿಗದು. ಕೋಟ್ಯಂತರ ಡಾಲರಿನ ಸಂಶೋಧನೆಯಿಂದ ತಯಾರಾದ ಕಾರು ಉಗುರಿನಗಲದ ಚಿಪ್ಪೊಂದರ ಆಯಸ್ಸಿಗೆ ಕಟ್ಟುಬಿದ್ದಿತ್ತು.

ಇದೇ ಜಾತಿಯ ಚಿಪ್ಪು ನಮ್ಮ ಫೋನಿನಲ್ಲಿದೆ, ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿದೆ. ಮದುವೆಯ ವಿಡಿಯೊ ತಂದುಕೊಟ್ಟ ಪೆನ್‌ಡ್ರೈವಿನಲ್ಲಿ, ಅಂಗಡಿಯ ಸಿಸಿಟಿವಿ ಕ್ಯಾಮೆರಾದಲ್ಲಿ, ಟಿವಿಯ ಸೆಟ್‌ಟಾಪ್ ಬಾಕ್ಸಿನಲ್ಲಿ, ವೈಫೈ ರೌಟರಿನಲ್ಲಿ, ಟ್ರ್ಯಾಕ್ಟರಿನಲ್ಲಿ ಹಾಡುವ ಪ್ಲೇಯರಿನಲ್ಲೂ ಅದೇ ಇದೆ. ತಿರುಗುವ ತಟ್ಟೆಯಿಲ್ಲ, ಅಲುಗುವ ಸೂಜಿಯಿಲ್ಲ. ಹಾಗಿದ್ದರೂ ಅದು ಸವೆಯುವುದು ಹೇಗೆ? ಇದಕ್ಕೆ ಉತ್ತರ ತಿಳಿದವರಿಗೆ ಯಾವ ಕಾರ್ಡು ಕೊಳ್ಳಬೇಕು, ಯಾವುದನ್ನು ಎಲ್ಲಿ ಬಳಸಬೇಕು, ಯಾವುದನ್ನು ನಂಬಬಾರದು ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಮೊದಲು ಚಿಪ್ಪಿನೊಳಗೆ ಇಳಿಯೋಣ.

ಎಲೆಕ್ಟ್ರಾನುಗಳ ಸೆರೆಮನೆ

ಟ್ರಾನ್ಸಿಸ್ಟರು ಎಂದರೆ ಒಂದು ಸ್ವಿಚ್ಚು. ಅದರ ಮೇಲ್ಭಾಗದ ಗೇಟಿಗೆ ತಕ್ಕಷ್ಟು ವೋಲ್ಟೇಜು ಕೊಟ್ಟರೆ ಕೆಳಗಿನ ಸಿಲಿಕಾನಿನಲ್ಲಿ ವಿದ್ಯುತ್ತು ಹರಿಯುತ್ತದೆ, ತೆಗೆದರೆ ನಿಲ್ಲುತ್ತದೆ. ಮಾಮೂಲಿ ಟ್ರಾನ್ಸಿಸ್ಟರಿಗೆ ನೆನಪಿಲ್ಲ. ಕರೆಂಟು ಹೋದರೆ ಅದರ ಸ್ಥಿತಿಯೂ ಹೋಯಿತು. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದಾವೋನ್ ಕಾಂಗ್ ಮತ್ತು ಸೈಮನ್ ಝೀ ಇದಕ್ಕೊಂದು ಉಪಾಯ ಹುಡುಕಿದರು. ಗೇಟಿಗೂ ಸಿಲಿಕಾನಿಗೂ ನಡುವೆ ಇನ್ನೊಂದು ಗೇಟನ್ನಿಟ್ಟು ಅದರ ಸುತ್ತ ವಿದ್ಯುತ್ತು ಹಾಯದ ಅವಾಹಕವನ್ನು ತುಂಬಿದರು. ಈ ಒಳಗೇಟಿಗೆ ಯಾವ ತಂತಿಯೂ ತಾಗಿಲ್ಲ. ಅದಕ್ಕೇ ಫ್ಲೋಟಿಂಗ್ ಗೇಟ್ ಎಂಬ ಹೆಸರು. ಅದರೊಳಗೆ ಒಮ್ಮೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಅವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಕರೆಂಟು ಇರಲಿ, ಹೋಗಲಿ, ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಇಂಥ ಒಂದೊಂದು ಟ್ರಾನ್ಸಿಸ್ಟರನ್ನು ಕೋಶ ಎನ್ನುತ್ತಾರೆ.

ಓದುವುದು ಹೀಗೆ: ಒಳಗೆ ಎಲೆಕ್ಟ್ರಾನುಗಳು ಕೂತಿದ್ದರೆ ಅವುಗಳ ಋಣ ವಿದ್ಯುದಂಶ ಮೇಲಿನ ಗೇಟಿನ ಪ್ರಭಾವವನ್ನು ತಡೆಯುತ್ತದೆ. ಆಗ ಸ್ವಿಚ್ಚು ಹೊತ್ತಿಕೊಳ್ಳಲು ಹೆಚ್ಚು ವೋಲ್ಟೇಜು ಬೇಕು. ಖಾಲಿಯಿದ್ದರೆ ಕಡಿಮೆ ಸಾಕು. ಚಿಪ್ಪು ನಡುವಿನ ಒಂದು ವೋಲ್ಟೇಜು ಕೊಟ್ಟು ನೋಡುತ್ತದೆ. ವಿದ್ಯುತ್ತು ಹರಿದರೆ 1, ಹರಿಯದಿದ್ದರೆ 0. ನೀವು ಫೋನಿನಲ್ಲಿ ನೋಡುವ ಪ್ರತಿಯೊಂದು ಚಿತ್ರವೂ ಇಂಥ ಕೋಟ್ಯಂತರ ವಿಚಾರಣೆಗಳ ಫಲ.

ಬರೆಯುವುದು ಇಷ್ಟು ಸಲೀಸಲ್ಲ. ದಾರಿಯೇ ಇಲ್ಲದ ಕೋಣೆಗೆ ಎಲೆಕ್ಟ್ರಾನುಗಳನ್ನು ನುಗ್ಗಿಸಬೇಕು. ಅದಕ್ಕಾಗಿ ಸುಮಾರು 20 ವೋಲ್ಟಿನಷ್ಟು ಒತ್ತಡ ಹಾಕುತ್ತಾರೆ. ಫೋನಿನ ಬ್ಯಾಟರಿ ಕೊಡುವುದು 4 ವೋಲ್ಟಿನ ಆಸುಪಾಸು. ಉಳಿದುದನ್ನು ಚಿಪ್ಪು ತನ್ನೊಳಗಿನ ಸರ್ಕೀಟಿನಿಂದಲೇ ಏರಿಸಿಕೊಳ್ಳುತ್ತದೆ. ಅವಾಹಕದ ಪೊರೆ 10 ನ್ಯಾನೊಮೀಟರಿಗಿಂತಲೂ ತೆಳುವಾಗಿರುವುದರಿಂದ, ಈ ಒತ್ತಡದಲ್ಲಿ ಎಲೆಕ್ಟ್ರಾನುಗಳು ಅದರ ಮೂಲಕವೇ ಹಾದು ಆಚೆ ಸೇರುತ್ತವೆ. ಕ್ವಾಂಟಮ್ ಭೌತಶಾಸ್ತ್ರದವರು ಇದನ್ನು ಟನೆಲಿಂಗ್ ಎನ್ನುತ್ತಾರೆ. ಅಳಿಸುವಾಗ ಒತ್ತಡದ ದಿಕ್ಕು ತಿರುಗುತ್ತದೆ, ಎಲೆಕ್ಟ್ರಾನುಗಳು ಅದೇ ಪೊರೆಯ ಮೂಲಕ ಹೊರಬೀಳುತ್ತವೆ.

ಸವೆಯುವುದು ಈ ಪೊರೆಯೇ. ಒಂದೊಂದು ಸಲ ಎಲೆಕ್ಟ್ರಾನುಗಳು ನುಗ್ಗಿ ಹೋಗುವಾಗಲೂ ಅದರಲ್ಲಿ ಅಣುಮಟ್ಟದ ಗಾಯಗಳು ಉಳಿಯುತ್ತವೆ. ಕೆಲವು ಎಲೆಕ್ಟ್ರಾನುಗಳು ಪೊರೆಯೊಳಗೇ ಸಿಕ್ಕಿಬೀಳುತ್ತವೆ. ಸಾವಿರಾರು ಸಲ ಹೀಗಾದ ಮೇಲೆ ಪೊರೆ ಸೋರತೊಡಗುತ್ತದೆ, ತುಂಬಿದ ಕೋಶ ಯಾವುದು, ಖಾಲಿ ಕೋಶ ಯಾವುದು ಎಂದು ಹೇಳುವುದು ಕಷ್ಟವಾಗುತ್ತದೆ. ಓದುವುದರಿಂದ ಇಂಥ ಹಾನಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಹಾಡನ್ನು ದಿನವಿಡೀ ಕೇಳಿದರೂ ಕಾರ್ಡು ಸವೆಯದು. ದಿನಕ್ಕೊಮ್ಮೆ ಹಾಡುಗಳನ್ನೆಲ್ಲ ಅಳಿಸಿ ಬೇರೆ ತುಂಬಿಸಿದರೆ ಸವೆಯುತ್ತದೆ.

ಮಿಂಚಿನಂತೆ ಅಳಿಸುವ ಚಿಪ್ಪು

ಫ್ಲೋಟಿಂಗ್ ಗೇಟಿನ ಮೊದಲ ಜನಪ್ರಿಯ ರೂಪ 1971ರಲ್ಲಿ ಇಂಟೆಲ್‌ನ ಡೋವ್ ಫ್ರೊಮನ್ ತಂದ ಇಪಿರಾಮ್. ಅದನ್ನು ಅಳಿಸಬೇಕಿದ್ದರೆ ಬೋರ್ಡಿನಿಂದ ಕಿತ್ತು, ಚಿಪ್ಪಿನ ಮೇಲಿನ ಸ್ಫಟಿಕದ ಕಿಟಕಿಯ ಮೂಲಕ ಹಲವು ನಿಮಿಷ ನೇರಳಾತೀತ ಬೆಳಕು ಹಾಯಿಸಬೇಕಿತ್ತು. ಜಪಾನಿನ ತೋಶಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ, ಕೋಶಗಳ ದೊಡ್ಡ ಗುಂಪನ್ನು ವಿದ್ಯುತ್ತಿನಿಂದಲೇ ಒಂದೇ ಏಟಿಗೆ ಅಳಿಸುವ ವಿಧಾನವನ್ನು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ಮುಂದಿಟ್ಟರು. ಅದು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗಿದೆ ಎಂದು ಸಹೋದ್ಯೋಗಿ ಶೋಜಿ ಅರಿಇಜುಮಿ ಹೇಳಿದ್ದೇ ಹೆಸರಾಯಿತು. 1987ರಲ್ಲಿ ಮಸುವೊಕಾ ತಂಡ ಕೋಶಗಳನ್ನು ಇನ್ನೂ ಒತ್ತಾಗಿ, ಸರಣಿಯಲ್ಲಿ ಜೋಡಿಸುವ ನ್ಯಾಂಡ್ ವಿಧಾನವನ್ನು ಪ್ರಕಟಿಸಿತು. ಇಂದು ನಾವು ಕೊಳ್ಳುವ ಕಾರ್ಡು, ಪೆನ್‌ಡ್ರೈವ್, ಎಸ್‌ಎಸ್‌ಡಿ ಎಲ್ಲವೂ ನ್ಯಾಂಡ್ ಸಂತತಿ. ಮೊದಲಿನ ನಾರ್ ಬಗೆಯದು ರೌಟರು ಮತ್ತು ಕಂಪ್ಯೂಟರಿನ ಮದರ್‌ಬೋರ್ಡುಗಳಲ್ಲಿ ಚಾಲನಾ ತಂತ್ರಾಂಶವನ್ನು ಹಿಡಿದುಕೊಂಡು ಸದ್ದಿಲ್ಲದೆ ಕೂತಿದೆ.

ಜಗತ್ತಿನ ಕಿಸೆಯನ್ನು ತುಂಬಿದ ಈ ಮನುಷ್ಯನಿಗೆ ಸಿಕ್ಕಿದ್ದು ಕಡಿಮೆ. ತಮ್ಮ ಆವಿಷ್ಕಾರಕ್ಕೆ ನ್ಯಾಯವಾದ ಪ್ರತಿಫಲ ಕೇಳಿ ಮಸುವೊಕಾ ಕೋರ್ಟಿಗೆ ಹೋದರು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಅವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕು ಎಂದು ನನ್ನ ಆಸೆ. ನಮ್ಮವರ ಪಾಲೂ ಈ ಕಥೆಯಲ್ಲಿದೆ. 1988ರಲ್ಲಿ ಸ್ಯಾನ್‌ಡಿಸ್ಕ್ ಕಟ್ಟಿದ ಮೂವರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಒಬ್ಬರು. ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್, ಮೈಕ್ರಾನ್ ಕಂಪನಿಗಳ ವಿನ್ಯಾಸದ ಕೆಲಸದಲ್ಲಿ ಒಂದು ಪಾಲು ಬೆಂಗಳೂರಿನ ಕಚೇರಿಗಳಲ್ಲಿ ನಡೆಯುತ್ತದೆ.

ಒಬ್ಬರಿಗಾಗಿ ಇಡೀ ವಠಾರ ಖಾಲಿ

ಒಂದೇ ಏಟಿಗೆ ಅಳಿಸುವ ಗುಣಕ್ಕೆ ಒಂದು ಬೆಲೆಯಿದೆ. ನ್ಯಾಂಡ್ ಚಿಪ್ಪಿನಲ್ಲಿ ಬರೆಯುವುದು ಪೇಜುಗಳ ಲೆಕ್ಕದಲ್ಲಿ. ಒಂದು ಪೇಜು ಸಾಮಾನ್ಯವಾಗಿ 16 ಕೆಬಿ. ಅಳಿಸುವುದು ಮಾತ್ರ ಬ್ಲಾಕಿನ ಲೆಕ್ಕದಲ್ಲಿ, ಅಂದರೆ ನೂರಾರು ಪೇಜುಗಳು ಒಟ್ಟಿಗೆ. ಬರೆದ ಪೇಜಿನ ಮೇಲೆ ಅಳಿಸದೆ ಮತ್ತೆ ಬರೆಯಲಾಗದು. ವಠಾರದ ಒಂದು ಮನೆಗೆ ಹೊಸ ಬಾಡಿಗೆದಾರ ಬರಬೇಕಾದರೆ ಉಳಿದವರನ್ನೆಲ್ಲ ಬೇರೆ ಕಡೆ ಸಾಗಿಸಿ ಇಡೀ ವಠಾರವನ್ನೇ ಖಾಲಿ ಮಾಡಿಸಬೇಕು ಎಂದ ಹಾಗೆ.

ಪ್ರತಿ ಸಲ ಹೀಗೆ ಮಾಡಿದರೆ ಚಿಪ್ಪು ಬೇಗನೆ ಕೆಡುತ್ತದೆ. ಅದನ್ನು ತಪ್ಪಿಸಲು ಪ್ರತಿ ಕಾರ್ಡು, ಪ್ರತಿ ಪೆನ್‌ಡ್ರೈವಿನಲ್ಲೂ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿದೆ. ನೀವು ಒಂದು ಕಡತವನ್ನು ತಿದ್ದಿ ಉಳಿಸಿದಾಗ ಅದು ಹಳೆಯ ಜಾಗವನ್ನು ಮುಟ್ಟುವುದಿಲ್ಲ. ಹೊಸದನ್ನು ಬೇರೊಂದು ಖಾಲಿ ಪೇಜಿನಲ್ಲಿ ಬರೆದು, ಹಳೆಯದನ್ನು ಕಸವೆಂದು ಗುರುತು ಹಾಕಿ, ಯಾವುದು ಎಲ್ಲಿದೆ ಎಂಬ ತನ್ನ ಪಟ್ಟಿಯನ್ನು ತಿದ್ದಿಕೊಳ್ಳುತ್ತದೆ. ಬಿಡುವಾದಾಗ ಕಸ ಹೆಚ್ಚಿರುವ ಬ್ಲಾಕುಗಳನ್ನು ಆರಿಸಿ ತೆರವು ಮಾಡುತ್ತದೆ. ಒಂದೇ ಬ್ಲಾಕು ಬೇಗ ಸವೆಯದಂತೆ ಕೆಲಸವನ್ನು ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚುತ್ತದೆ. ತಪ್ಪಾಗಿ ಓದಿದ ಬಿಟ್ಟುಗಳನ್ನು ಗಣಿತದ ಸಹಾಯದಿಂದ ಸರಿಪಡಿಸುವುದೂ ಅದೇ. ಅಗ್ಗದ ಪೆನ್‌ಡ್ರೈವಿಗೂ ಒಳ್ಳೆಯ ಎಸ್‌ಎಸ್‌ಡಿಗೂ ಇರುವ ಅಂತರ ಬಹುಪಾಲು ಈ ಕಂಟ್ರೋಲರಿನ ಜಾಣ್ಮೆಯದು.

ಫೋನು ಭರ್ತಿಯಾದಾಗ ನಿಧಾನವಾಗುವುದೂ ಇದರಿಂದಲೇ. ಖಾಲಿ ಬ್ಲಾಕು ಉಳಿದಿರದಿದ್ದರೆ ಪ್ರತಿ ಬರಹಕ್ಕೂ ಮೊದಲು ತೆರವು ಕೆಲಸ ಮುಗಿಯಬೇಕು. ಫೋನಿನಲ್ಲೂ ಎಸ್‌ಎಸ್‌ಡಿಯಲ್ಲೂ ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಬಿಡಿ. ವೇಗವೂ ಉಳಿಯುತ್ತದೆ, ಆಯಸ್ಸೂ ಉಳಿಯುತ್ತದೆ.

ಇನ್ನು ಬೆಲೆಯ ವಿಷಯ. ಮೊದಲು ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದರು. ಈಗ ಎಲೆಕ್ಟ್ರಾನುಗಳ ಪ್ರಮಾಣವನ್ನು ಸೂಕ್ಷ್ಮವಾಗಿ ಅಳೆದು ಒಂದೇ ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ, ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಬಂದಿವೆ. ಮೂರು ಬಿಟ್ಟಿಗೆ 8 ಮಟ್ಟ, ನಾಲ್ಕಕ್ಕೆ 16 ಮಟ್ಟಗಳನ್ನು ಗುರುತಿಸಬೇಕು. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಸಣ್ಣ ಸೋರಿಕೆಯೂ ದೊಡ್ಡ ತಪ್ಪಾಗುತ್ತದೆ. ಒಂದು ಬಿಟ್ಟಿನ ಕೋಶ ಸುಮಾರು ಲಕ್ಷ ಸಲ ಬರೆಸಿಕೊಳ್ಳಬಲ್ಲದು. ಟಿಎಲ್‌ಸಿಯ ತಾಳಿಕೆ ಒಂದರಿಂದ ಮೂರು ಸಾವಿರ ಸಲ, ಕ್ಯೂಎಲ್‌ಸಿಯದು ಅದಕ್ಕಿಂತಲೂ ಕಡಿಮೆ. ಜಾಗ ಹೆಚ್ಚಿಸಲು ಇನ್ನೊಂದು ದಾರಿ ಕೋಶಗಳನ್ನು ಮೇಲೆ ಮೇಲೆ ಕಟ್ಟುವುದು. 2013ರಲ್ಲಿ ಸ್ಯಾಮ್‌ಸಂಗ್ 24 ಪದರಗಳ ಚಿಪ್ಪು ತಂದಿತು. 2022ರ ಹೊತ್ತಿಗೆ ಮೈಕ್ರಾನ್ 232 ಪದರ ಮುಟ್ಟಿತ್ತು. ಈ ಬಹುಮಹಡಿ ಚಿಪ್ಪುಗಳಲ್ಲಿ ಹೆಚ್ಚಿನವು ಫ್ಲೋಟಿಂಗ್ ಗೇಟಿನ ಬದಲು ಸಿಲಿಕಾನ್ ನೈಟ್ರೈಡ್ ಪದರದಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತವೆ. ತತ್ವ ಹಳೆಯದೇ.

ಕೊಳ್ಳುವಾಗ ನೋಡಬೇಕಾದ್ದು

128 ಜಿಬಿಯ ಕಾರ್ಡು ಕಂಪ್ಯೂಟರಿನಲ್ಲಿ 119 ಜಿಬಿ ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಎಂದು ಎಣಿಸುತ್ತದೆ. ಎರಡೂ ಒಂದೇ ಜಾಗ.

ಜಗಳ ಆಡಬೇಕಾದದ್ದು ನಕಲಿ ಕಾರ್ಡುಗಳ ಬಗ್ಗೆ. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಜಾಹೀರಾತು ಕಂಡರೆ ಅದು ಮೋಸ, ಸಂಶಯವೇ ಬೇಡ. ಒಳಗಿರುವುದು 16 ಅಥವಾ 32 ಜಿಬಿಯ ಚಿಪ್ಪು. ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ತುಂಬುವ ತನಕ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಹಾಕಿದ ಚಿತ್ರಗಳ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಚಿತ್ರ ಇರುವುದಿಲ್ಲ. ಹೊಸ ಕಾರ್ಡು ತಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಕಾರ್ಡನ್ನು ಪೂರ್ತಿ ತುಂಬಿ, ಮರಳಿ ಓದಿ, ಎಷ್ಟು ನಿಜ ಎಂದು ಹೇಳುತ್ತವೆ. ಕಾರ್ಡು ಹಿಂತಿರುಗಿಸುವ ಅವಧಿಯೊಳಗೆ ಈ ಕೆಲಸ ಮುಗಿಯಲಿ.

ಕಾರ್ಡಿನ ಮೇಲಿನ ಗುರುತುಗಳಲ್ಲಿ ನಾಲ್ಕನ್ನು ಓದಲು ಕಲಿತರೆ ಸಾಕು. ಸಿ ಅಕ್ಷರದೊಳಗೆ 10 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತದೆ. ಯು3 ಅಥವಾ ವಿ30 ಎಂದಿದ್ದರೆ ಕನಿಷ್ಠ 30 ಎಂಬಿ. 4ಕೆ ವಿಡಿಯೊ ತೆಗೆಯುವವರಿಗೆ ಇದು ಬೇಕು. ಎ1 ಎಂದಿದ್ದರೆ ಫೋನಿನಲ್ಲಿ ಆ್ಯಪುಗಳನ್ನು ಇಡಲು ಅನುಕೂಲ. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ 100, 150 ಎಂಬಿಯ ಅಂಕಿಗಳು ಸಾಮಾನ್ಯವಾಗಿ ಓದುವ ವೇಗ. ವಿಡಿಯೊ ತೆಗೆಯುವವರಿಗೆ ಅದರಿಂದ ಪ್ರಯೋಜನವಿಲ್ಲ.

ಇಲ್ಲಿ ಸಿಸಿಟಿವಿ ಮತ್ತು ಕಾರಿನ ಡ್ಯಾಶ್‌ಕ್ಯಾಮ್ ಬಳಸುವವರು ಒಂದು ಲೆಕ್ಕ ಗಮನಿಸಬೇಕು. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರೀಕರಿಸುವ ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ಬರೆಯುತ್ತದೆ. 32 ಜಿಬಿಯ ಕಾರ್ಡಾದರೆ ಅದರ ಪ್ರತಿ ಕೋಶವೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಅಳಿಸಿ ಬರೆಸಿಕೊಳ್ಳುತ್ತದೆ, ವರ್ಷಕ್ಕೆ ಐನೂರರ ಹತ್ತಿರ. ಒಂದು ಸಾವಿರ ಸಲ ತಾಳುವ ಕಾರ್ಡಿಗೆ ಎರಡು ವರ್ಷದ ಬಾಳು. ಅದೇ ಜಾಗದಲ್ಲಿ 128 ಜಿಬಿಯ ಕಾರ್ಡು ಹಾಕಿದರೆ ಮೂರು ದಿನಕ್ಕೊಮ್ಮೆ ಮಾತ್ರ ಸುತ್ತು ಬರುತ್ತದೆ, ಬಾಳು ನಾಲ್ಕು ಪಟ್ಟು. ಹೈ ಎಂಡ್ಯೂರೆನ್ಸ್ ಎಂದು ಬರೆದ ಕಾರ್ಡುಗಳು ಇದಕ್ಕೆಂದೇ ತಯಾರಾದವು. ಅಂಗಡಿಯಲ್ಲಿ ಕಳ್ಳತನವಾದ ಮೇಲೆ ತೆಗೆದು ನೋಡಿದರೆ ಕಾರ್ಡು ತಿಂಗಳ ಹಿಂದೆಯೇ ಸತ್ತಿತ್ತು ಎಂದಾಗಬಾರದು. ತಿಂಗಳಿಗೊಮ್ಮೆ ಹಿಂದಿನ ದಿನದ ಚಿತ್ರೀಕರಣ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕಂಪ್ಯೂಟರಿನ ಎಸ್‌ಎಸ್‌ಡಿಗೆ ಈ ಭಯ ಬೇಡ. 1 ಟಿಬಿಯ ಅನೇಕ ಎಸ್‌ಎಸ್‌ಡಿಗಳಿಗೆ ತಯಾರಕರು 600 ಟಿಬಿ ಬರೆಯುವ ತನಕ ಖಾತರಿ ಕೊಡುತ್ತಾರೆ. ದಿನಕ್ಕೆ 30 ಜಿಬಿ ಬರೆದರೂ ಅದು ಐವತ್ತು ವರ್ಷ ದಾಟುತ್ತದೆ. ಅಷ್ಟರೊಳಗೆ ಬೇರೇನಾದರೂ ಕೆಟ್ಟಿರುತ್ತದೆ. ಹಳೆಯ ಲ್ಯಾಪ್‌ಟಾಪ್ ತೆವಳುತ್ತಿದೆ ಎಂದು ಹೊಸದಕ್ಕೆ ಐವತ್ತು ಸಾವಿರ ಸುರಿಯುವ ಮೊದಲು ಅದರ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್‌ಡಿಸ್ಕಿನ ತಲೆ ಸರಿಯಾದ ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು. ಫ್ಲ್ಯಾಶ್‌ಗೆ ಅದರ ನೂರರಲ್ಲೊಂದು ಪಾಲು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯ ತನಕ ಎಲ್ಲ ಕಡೆ ಈ ಕೆಲಸ ಮಾಡಿಕೊಡುತ್ತಾರೆ. ವಿದ್ಯಾರ್ಥಿಯಿರುವ ಮನೆಗೆ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಳ್ಳುವ ಮೊದಲು ನಿಮ್ಮ ಯಂತ್ರಕ್ಕೆ 2.5 ಇಂಚಿನ ಸಾಟಾ ಬಗೆ ಬೇಕೋ, ಎಂ.2 ಬಗೆ ಬೇಕೋ ಕೇಳಿಕೊಳ್ಳಿ. ಎಂ.2 ಆಕಾರದಲ್ಲೇ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ, ಒಂದರ ಬದಲು ಇನ್ನೊಂದು ನಡೆಯದಿರಬಹುದು. ಹಾಕಿಸಿದ ಮೇಲೆ, ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಮಾಡಬೇಡಿ. ಫ್ಲ್ಯಾಶ್‌ನಲ್ಲಿ ಅದರಿಂದ ಲಾಭವಿಲ್ಲ, ಸವೆತ ಮಾತ್ರ.

ಅಳಿಸಿದ್ದು, ಅಳಿಯದ್ದು, ಮರಳಿ ಸಿಗುವುದು

2004ರ ಜನವರಿಯಲ್ಲಿ ಮಂಗಳ ಗ್ರಹಕ್ಕಿಳಿದ ನಾಸಾದ ಸ್ಪಿರಿಟ್ ವಾಹನ ಮೂರು ವಾರದೊಳಗೆ ಮಾತು ನಿಲ್ಲಿಸಿತು. ಅದರ ಫ್ಲ್ಯಾಶ್ ಚಿಪ್ಪು ಚೆನ್ನಾಗಿಯೇ ಇತ್ತು. ಅದರಲ್ಲಿ ಕಡತಗಳ ಸಂಖ್ಯೆ ಮಿತಿಮೀರಿ, ಪಟ್ಟಿಯನ್ನು ಓದಲು ಹೋದ ಕಂಪ್ಯೂಟರಿನ ಕೆಲಸದ ಮೆಮರಿ ಸಾಲದೆ, ಅದು ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತಿತ್ತು. ಭೂಮಿಯ ಮೇಲಿನ ಎಂಜಿನಿಯರುಗಳು ಫ್ಲ್ಯಾಶನ್ನು ಬಿಟ್ಟು ಚಾಲೂ ಆಗುವಂತೆ ಆಜ್ಞೆ ಕಳಿಸಿ, ಕಾರಣ ಹುಡುಕಿ, ಆಮೇಲೆ ಅದನ್ನು ಫಾರ್ಮ್ಯಾಟ್ ಮಾಡಿ ವಾಹನವನ್ನು ಉಳಿಸಿಕೊಂಡರು.

ನಮ್ಮ ಕಾರ್ಡುಗಳಲ್ಲೂ ಅನೇಕ ಸಲ ಕೆಡುವುದು ಪಟ್ಟಿ, ಚಿತ್ರಗಳು ಅಲ್ಲೇ ಇರುತ್ತವೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗ ಫಾರ್ಮ್ಯಾಟ್ ಮಾಡಬೇಕೆ ಎಂದು ಕೇಳಿದರೆ ಗಾಬರಿಯಲ್ಲಿ ಹೌದು ಎನ್ನಬೇಡಿ. ಕಾರ್ಡು ಹೊರತೆಗೆಯಿರಿ, ಅದರ ಮೇಲೆ ಹೊಸದೇನನ್ನೂ ಬರೆಯಬೇಡಿ. ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಪಟ್ಟಿಯ ಗೊಡವೆಗೆ ಹೋಗದೆ ನೇರ ಕಾರ್ಡಿನೊಳಗೆ ಚಿತ್ರಗಳನ್ನು ಹುಡುಕುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿನಲ್ಲಿ ಉಳಿಸದೆ ಬೇರೆ ಡಿಸ್ಕಿನಲ್ಲಿ ಉಳಿಸಿ. ಕೈತಪ್ಪಿ ಅಳಿಸಿದ ಚಿತ್ರಗಳಿಗೂ ಇದೇ ಉಪಾಯ, ತಡಮಾಡದೆ ಮಾಡಿದರೆ. ಎಸ್‌ಎಸ್‌ಡಿಯಲ್ಲಿ ಈ ಭಾಗ್ಯ ಕಡಿಮೆ. ಅಳಿಸಿದ ಜಾಗ ಯಾವುದೆಂದು ವಿಂಡೋಸ್ ಕಂಟ್ರೋಲರಿಗೆ ಟ್ರಿಮ್ ಎಂಬ ಆಜ್ಞೆಯ ಮೂಲಕ ತಿಳಿಸಿಬಿಡುತ್ತದೆ, ಅದು ಆ ಬ್ಲಾಕುಗಳನ್ನು ಬೇಗನೆ ತೆರವು ಮಾಡುತ್ತದೆ.

ಅಳಿಸಿದ್ದು ಮರಳಿ ಸಿಗುತ್ತದೆ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಹಳೆಯ ಕಾರ್ಡು, ಪೆನ್‌ಡ್ರೈವ್ ಯಾರಿಗಾದರೂ ಕೊಡುವಾಗ ಕಡತಗಳನ್ನು ಡಿಲೀಟ್ ಮಾಡಿದರೆ ಸಾಲದು. ಕ್ವಿಕ್ ಫಾರ್ಮ್ಯಾಟ್ ಕೂಡ ಪಟ್ಟಿಯನ್ನಷ್ಟೇ ಒರೆಸುತ್ತದೆ. ಬೇಡದ ಸಿನಿಮಾಗಳಿಂದಲೋ ಮೇಲೆ ಹೇಳಿದ ಪರೀಕ್ಷಾ ತಂತ್ರಾಂಶದಿಂದಲೋ ಪೂರ್ತಿ ತುಂಬಿಸಿ ಆಮೇಲೆ ಅಳಿಸಿ. ಆಧಾರ್, ಬ್ಯಾಂಕಿನ ಕಾಗದಗಳಿದ್ದ ಕಾರ್ಡನ್ನು ಕೊಡದೆ ಮುರಿದುಹಾಕುವುದೇ ಒಳ್ಳೆಯದು. ಈಚಿನ ಸ್ಮಾರ್ಟ್‌ಫೋನುಗಳಲ್ಲಿ ಒಳಗಿನ ಮಾಹಿತಿ ಗುಪ್ತಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀಲಿಯೇ ನಾಶವಾಗುವುದರಿಂದ ಫೋನಿನ ಮಟ್ಟಿಗೆ ಅಷ್ಟು ಸಾಕು. ಜೊತೆಗಿರುವ ಮೆಮರಿ ಕಾರ್ಡು ತೆಗೆದುಕೊಳ್ಳಲು ಮಾತ್ರ ಮರೆಯಬೇಡಿ.

ಪೆನ್‌ಡ್ರೈವನ್ನು ಇಜೆಕ್ಟ್ ಮಾಡದೆ ಕೀಳಬಾರದು ಎನ್ನುವುದೂ ವೃಥಾ ಉಪದೇಶವಲ್ಲ. ನಕಲು ಮುಗಿಯಿತು ಎಂದು ಪರದೆ ಹೇಳಿದ ಮೇಲೂ ಕೆಲವೊಮ್ಮೆ ಬರಹ ನಡೆಯುತ್ತಿರುತ್ತದೆ. ಕಂಟ್ರೋಲರ್ ತನ್ನ ಪಟ್ಟಿ ತಿದ್ದುತ್ತಿರುವ ಗಳಿಗೆಯಲ್ಲಿ ಕಿತ್ತರೆ ಒಂದು ಕಡತವಲ್ಲ, ಇಡೀ ಡ್ರೈವೇ ತಪ್ಪಿಹೋಗಬಹುದು.

ಕಪಾಟಿನಲ್ಲಿಟ್ಟ ಪೆನ್‌ಡ್ರೈವ್

ಎಲೆಕ್ಟ್ರಾನುಗಳ ಸೆರೆ ಶಾಶ್ವತವಲ್ಲ. ಪೊರೆ ಹೊಸದಾಗಿದ್ದರೆ ಹಲವು ವರ್ಷ ನಿಲ್ಲುತ್ತವೆ, ಸವೆದಿದ್ದರೆ ಬೇಗ ಸೋರುತ್ತವೆ, ಬಿಸಿಯಿದ್ದರೆ ಇನ್ನೂ ಬೇಗ. ಉದ್ಯಮದ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮದ ಪ್ರಕಾರ, ತನ್ನ ಬರಹದ ಮಿತಿಯನ್ನು ಪೂರ್ತಿ ಬಳಸಿದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕೂ ಹೆಚ್ಚು. ಬಳಸಿ ಹಳತಾದ ಪೆನ್‌ಡ್ರೈವಿಗೆ ಮದುವೆಯ ಚಿತ್ರಗಳನ್ನು ತುಂಬಿ ಹತ್ತು ವರ್ಷ ಕಪಾಟಿನಲ್ಲಿಡುವುದು ಅವುಗಳನ್ನು ಕಳೆದುಕೊಳ್ಳುವ ದಾರಿ. ಫ್ಲ್ಯಾಶ್ ಇರುವುದು ದಿನದ ಕೆಲಸಕ್ಕೆ. ದೀರ್ಘಕಾಲ ಸುಮ್ಮನೆ ಇಡುವುದಕ್ಕೆ ಹಾರ್ಡ್‌ಡಿಸ್ಕ್ ಇದಕ್ಕಿಂತ ಮೇಲು.

ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಕಳೆದ ಎರಡು ದಶಕಗಳಿಂದ ಸೋಬಾನೆ ಪದ, ತತ್ವಪದ, ಯಕ್ಷಗಾನದ ರಾತ್ರಿಗಳು ಧ್ವನಿಮುದ್ರಣವಾಗಿದ್ದು ಹೆಚ್ಚಾಗಿ ಫೋನುಗಳಲ್ಲಿ, ಮೆಮರಿ ಕಾರ್ಡುಗಳಲ್ಲಿ. ಮೊಬೈಲ್ ಅಂಗಡಿಗಳಲ್ಲಿ ಹಾಡು ತುಂಬಿಸಿಕೊಂಡು ಕೈಯಿಂದ ಕೈಗೆ ದಾಟಿದ ಎಷ್ಟೋ ಮುದ್ರಣಗಳಿಗೆ ಬೇರೆ ಪ್ರತಿಯೇ ಇಲ್ಲ. ಹಾಡಿದವರಲ್ಲಿ ಅನೇಕರು ಇಂದು ನಮ್ಮೊಡನಿಲ್ಲ. ಮನೆಮನೆಯ ಮಗುವಿನ ಮೊದಲ ಹೆಜ್ಜೆ, ಅಜ್ಜಿಯ ಕೊನೆಯ ಮಾತುಗಳೂ ಒಂದೇ ಒಂದು ಫೋನಿನೊಳಗಿವೆ.

ಆ ಫೋನು, ಆ ಕಾರ್ಡು ಯಾವುದೆಂದು ಈ ವಾರವೇ ಹುಡುಕಿ ತೆಗೆಯಿರಿ. ಅದರಲ್ಲಿರುವುದನ್ನು ಒಂದು ಹಾರ್ಡ್‌ಡಿಸ್ಕಿಗೂ ಒಂದು ಆನ್‌ಲೈನ್ ಖಾತೆಗೂ ನಕಲು ಮಾಡಿ. ಸಾಧ್ಯವಾದರೆ ಇನ್ನೊಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ನಾಲ್ಕಾರು ಕಡತ ತೆರೆದು ನೋಡಿ. ತೆರೆಯದಿದ್ದರೆ ಇನ್ನೊಂದು ಪ್ರತಿಯಿಂದ ಅಂದೇ ಹೊಸದು ಮಾಡಿಕೊಳ್ಳಿ.